ಆಪರೇಷನ್‌ಗೆ ಮುಂಚೆ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಬಿಡಬಾರದು? ಅಮ್ಮನಿಗೆ ಮೂವರು ಡಾಕ್ಟರ್ ಮೂರು ಥರ ಹೇಳಿದ್ದಾರೆ

ದಾವಣಗೆರೆ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 67 ವರ್ಷ. ಎರಡೂ ಮಂಡಿ ಸವೆದಿವೆ. ಮುಂದಿನ ತಿಂಗಳು ಬಲಗಾಲಿನ ಮಂಡಿ ಬದಲಿಸುವ ಆಪರೇಷನ್ ಅಂತ ನಿಗದಿಯಾಗಿದೆ. ಶುಗರ್, ಬಿಪಿ, ಥೈರಾಯ್ಡ್ ಮೂರೂ ಇವೆ. ನಾಲ್ಕು ವರ್ಷದ ಹಿಂದೆ ಹಾರ್ಟಿಗೆ ಒಂದು ಸ್ಟೆಂಟ್ ಹಾಕಿದ್ದಾರೆ.

ಮೂಳೆ ಡಾಕ್ಟರ್ "ರಕ್ತ ತೆಳು ಮಾಡೋ ಮಾತ್ರೆ ಒಂದು ವಾರ ಮೊದಲೇ ನಿಲ್ಲಿಸಿ" ಅಂದರು. ಫಿಟ್‌ನೆಸ್‌ಗೆ ಅಂತ ಹಾರ್ಟ್ ಡಾಕ್ಟರ್ ಹತ್ತಿರ ಹೋದರೆ "ಆಸ್ಪಿರಿನ್ ಮಾತ್ರ ಬಿಡಬೇಡಿ" ಅಂದರು. ಶುಗರ್ ನೋಡುವ ಡಾಕ್ಟರ್ "ಆ ದಿನ ಬೆಳಿಗ್ಗೆ ಏನೂ ತಗೋಬೇಡಿ, ಅಷ್ಟೇ ಸಾಕು" ಅಂದರು. ಮೂವರ ಮೇಲೂ ನನಗೆ ನಂಬಿಕೆ ಇದೆ. ಆದರೆ ಮೂರೂ ಮಾತನ್ನು ಒಟ್ಟಿಗೆ ಪಾಲಿಸುವುದು ಹೇಗೆ? ಅಮ್ಮನ ಮಾತ್ರೆ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದೇನೆ, ಯಾವುದು ರಕ್ತ ತೆಳು ಮಾಡೋದು ಅಂತಲೇ ಗೊತ್ತಾಗುತ್ತಿಲ್ಲ. ಅನುಭವ ಇರುವವರು, ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ಶಿವಮೊಗ್ಗ ಮೆಡಿಕಲ್ಸ್

ನಾನು ಫಾರ್ಮಸಿಸ್ಟ್. ಮೊದಲು ಒಂದು ಕೆಲಸ ಮಾಡಿ. ಎಲ್ಲಾ ಸ್ಟ್ರಿಪ್‌ಗಳನ್ನು ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವ ಔಷಧದ ಹೆಸರು, ಅದರ ಮಿಲಿಗ್ರಾಂ ಬರೆದುಕೊಳ್ಳಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ನಂಬಿದರೆ ಎಡವಟ್ಟಾಗುತ್ತದೆ. ನಮ್ಮಲ್ಲಿ ಎರಡು ಮೂರು ಔಷಧ ಸೇರಿಸಿದ ಮಾತ್ರೆಗಳು ತುಂಬಾ ಜಾಸ್ತಿ. ಟೆಲ್ಮಾ ಅಂದರೆ ಒಂದೇ ಬಿಪಿ ಔಷಧ. ಟೆಲ್ಮಾ ಎಎಮ್ ಅಂದರೆ ಅದರ ಜೊತೆ ಆಮ್ಲೋಡಿಪಿನ್. ಟೆಲ್ಮಾ ಎಚ್ ಅಂದರೆ ಜೊತೆಗೆ ಮೂತ್ರ ಹೆಚ್ಚಿಸುವ ಔಷಧ. ಆಪರೇಷನ್ ದಿನ ಈ ಮೂರಕ್ಕೂ ಬೇರೆ ಬೇರೆ ಲೆಕ್ಕ. ಬಾಲದ ಒಂದೆರಡು ಅಕ್ಷರ ಬಿಟ್ಟು ಹೇಳಿದರೆ ಡಾಕ್ಟರಿಗೆ ಅರ್ಧ ಮಾಹಿತಿ ಮಾತ್ರ ಸಿಗುತ್ತದೆ.

ಇನ್ನೊಂದು. ಬೇರೆ ಬೇರೆ ಕಡೆ ತೋರಿಸಿದವರ ಡಬ್ಬಿಯಲ್ಲಿ ಒಂದೇ ಔಷಧ ಎರಡು ಕಂಪನಿ ಹೆಸರಲ್ಲಿ ಇರುವುದನ್ನು ನಾನು ಆಗಾಗ ನೋಡುತ್ತೇನೆ. ಅದನ್ನೂ ನೋಡಿಕೊಳ್ಳಿ.

ದಾವಣಗೆರೆ ಮಗಳು

ಬರೆದೆ. ತುಂಬಾ ಥ್ಯಾಂಕ್ಸ್, ಈಗ ಡಬ್ಬಿ ಅರ್ಥ ಆಗ್ತಿದೆ.

ಬೆಳಿಗ್ಗೆ: ಥೈರಾಕ್ಸಿನ್ 75 ಮೈಕ್ರೋಗ್ರಾಂ. ಡಾಪಾಗ್ಲಿಫ್ಲೋಜಿನ್ 10 ಮತ್ತು ಮೆಟ್‌ಫಾರ್ಮಿನ್ 500 ಸೇರಿದ ಮಾತ್ರೆ. ಗ್ಲಿಮೆಪಿರೈಡ್ 1. ಟೆಲ್ಮಿಸಾರ್ಟಾನ್ 40 ಮತ್ತು ಆಮ್ಲೋಡಿಪಿನ್ 5 ಸೇರಿದ್ದು. ಮೆಟೊಪ್ರೊಲಾಲ್ 25.

ರಾತ್ರಿ: ಎಕೋಸ್ಪ್ರಿನ್ ಗೋಲ್ಡ್, ಹಿಂದೆ ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75, ಅಟೋರ್ವಾಸ್ಟಾಟಿನ್ 20 ಅಂತ ಇದೆ. ಮತ್ತೆ ಮೆಟ್‌ಫಾರ್ಮಿನ್.

ನೋವು ಜಾಸ್ತಿ ಆದಾಗ ಡೈಕ್ಲೋಫೆನಾಕ್. ಮಂಡಿಗೆ ಅಂತ ಪಕ್ಕದ ಮನೆಯವರು ತಂದುಕೊಟ್ಟ ಗುಗ್ಗುಳು ಮಾತ್ರೆ, ಅದರ ವಿಷಯ ಯಾವ ಡಾಕ್ಟರಿಗೂ ಹೇಳಿಲ್ಲ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 9.1 ಇದೆ.

ಹುಬ್ಬಳ್ಳಿ ಅರಿವಳಿಕೆ

ನಾನು ಅರಿವಳಿಕೆ ವೈದ್ಯ. ನಿಮ್ಮ ಪಟ್ಟಿ ನೋಡಿ ಬರೆಯುತ್ತಿದ್ದೇನೆ. ಕೊನೆಯ ತೀರ್ಮಾನ ಅಮ್ಮನನ್ನು ಕಣ್ಣಾರೆ ನೋಡುವ ವೈದ್ಯರದ್ದೇ. ಆದರೆ ಅವರ ಹತ್ತಿರ ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿರಲಿ.

ನಿಮ್ಮ ಮೂಳೆ ಡಾಕ್ಟರ್ ಹೇಳಿದ್ದೂ ಸರಿ, ಹಾರ್ಟ್ ಡಾಕ್ಟರ್ ಹೇಳಿದ್ದೂ ಸರಿ. ತೊಂದರೆ ಇರುವುದು ಆ ಗೋಲ್ಡ್ ಕ್ಯಾಪ್ಸೂಲ್‌ನಲ್ಲಿ. ಅದರೊಳಗೆ ಮೂರು ಔಷಧ ಇವೆ, ಮೂರಕ್ಕೂ ಮೂರು ನಿಯಮ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ರಕ್ತ ತೆಳು ಮಾಡುವಂಥವು, ಅಟೋರ್ವಾಸ್ಟಾಟಿನ್ ಕೊಲೆಸ್ಟ್ರಾಲ್ ಮಾತ್ರೆ. ಕ್ಲೋಪಿಡೋಗ್ರೆಲ್ ಸಾಮಾನ್ಯವಾಗಿ 5ರಿಂದ 7 ದಿನ ಮೊದಲು ನಿಲ್ಲಬೇಕು. ಮಂಡಿ ಬದಲಿಸುವಾಗ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕಾಲು ಮರಗಟ್ಟಿಸುತ್ತೇವೆ. ಕ್ಲೋಪಿಡೋಗ್ರೆಲ್ ಮೈಯಲ್ಲಿದ್ದಾಗ ಸೂಜಿ ಹಾಕಿದರೆ ಬೆನ್ನುಹುರಿಯ ಹತ್ತಿರ ರಕ್ತ ಗಡ್ಡೆಯಾಗಿ ಕಾಲಿನ ಬಲವೇ ಹೋಗಬಹುದು. ಅಪರೂಪವೇ, ಆದರೂ ಹಾಗೇನಾದರೂ ಆದರೆ ದೊಡ್ಡ ಅನಾಹುತ. 75 ಮಿಲಿಗ್ರಾಂ ಆಸ್ಪಿರಿನ್‌ಗೆ ಆ ಅಡ್ಡಿ ಇಲ್ಲ. ಸ್ಟೆಂಟ್ ಇರುವವರಲ್ಲಿ ಅದನ್ನು ಸಾಮಾನ್ಯವಾಗಿ ಮುಂದುವರಿಸುತ್ತೇವೆ. ಅಟೋರ್ವಾಸ್ಟಾಟಿನ್ ಅಂತೂ ಒಂದು ದಿನವೂ ಬಿಡಬೇಕಾಗಿಲ್ಲ.

ಈಗ ನೋಡಿ, "ರಕ್ತ ತೆಳು ಮಾಡೋದು ನಿಲ್ಲಿಸಿ" ಅಂದಾಗ ಮನೆಯವರು ಗೋಲ್ಡ್ ಪೂರ್ತಿ ನಿಲ್ಲಿಸುತ್ತಾರೆ. ಆಸ್ಪಿರಿನ್ನೂ ಹೋಯಿತು, ಅಟೋರ್ವಾವೂ ಹೋಯಿತು. "ಆಸ್ಪಿರಿನ್ ಬಿಡಬೇಡಿ" ಅಂದಾಗ ಗೋಲ್ಡ್ ಮುಂದುವರಿಸುತ್ತಾರೆ. ಕ್ಲೋಪಿಡೋಗ್ರೆಲ್ಲೂ ಉಳಿಯಿತು, ಆಪರೇಷನ್ ಮುಂದಕ್ಕೆ ಹೋಯಿತು. ಹಾರ್ಟ್ ಡಾಕ್ಟರ್ ಹತ್ತಿರ ಹೋಗಿ ಆ ದಿನಗಳಿಗೆ ಆಸ್ಪಿರಿನ್, ಅಟೋರ್ವಾಸ್ಟಾಟಿನ್ ಬೇರೆ ಬೇರೆ ಬರೆಸಿಕೊಳ್ಳಿ. ನಾಲ್ಕು ವರ್ಷ ಆದಮೇಲೂ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಬೇಕಾ ಅಂತಲೂ ಕೇಳಿ. ಎಷ್ಟೋ ಜನರಿಗೆ ಅಷ್ಟು ಹೊತ್ತಿಗೆ ಒಂದೇ ಸಾಕಾಗಿರುತ್ತದೆ.

ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಇದು ಹಳೆಯ ಸ್ಟೆಂಟಿನ ಕಥೆ. ಸ್ಟೆಂಟ್ ಹಾಕಿ ಆರು ತಿಂಗಳೂ ಆಗಿಲ್ಲ, ಅಥವಾ ಹಾರ್ಟ್ ಅಟ್ಯಾಕ್ ಆಗಿ ಹಾಕಿದ್ದು ವರ್ಷ ತುಂಬಿಲ್ಲ ಅಂದರೆ, ತುರ್ತಿಲ್ಲದ ಆಪರೇಷನ್ನನ್ನೇ ಮುಂದಕ್ಕೆ ಹಾಕುವುದು ವಾಡಿಕೆ. ಯಾರೋ ಹೇಳಿದರು ಅಂತ ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ.

ಡಾಪಾಗ್ಲಿಫ್ಲೋಜಿನ್ ಬಗ್ಗೆ ರಾತ್ರಿ ಡ್ಯೂಟಿ ಮುಗಿಸಿ ಬರೆಯುತ್ತೇನೆ. ನಿಮ್ಮ ಪಟ್ಟಿಯಲ್ಲಿ ನನಗೆ ಜಾಸ್ತಿ ಚಿಂತೆ ಆಗಿದ್ದು ಅದೇ.

ಕುಂದಾಪುರದವ

ರಕ್ತ ತೆಳು ಮಾಡುವ ಮಾತ್ರೆ ಅಂದರೆ ಎಲ್ಲವೂ ಒಂದೇ ಅಲ್ಲ ಅನ್ನುವುದಕ್ಕೆ ನಾನೇ ಸಾಕ್ಷಿ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾಗಿ ಲೋಹದ ಕವಾಟ ಹಾಕಿದ್ದಾರೆ. ಜೀವನಪೂರ್ತಿ ಅಸಿಟ್ರೋಮ್, ಅದೂ ರಕ್ತ ತೆಳು ಮಾಡುವ ಮಾತ್ರೆಯೇ. ಹರ್ನಿಯಾ ಆಪರೇಷನ್‌ಗೆ ಹೋದಾಗ ಅದನ್ನು ಕೆಲವು ದಿನ ನಿಲ್ಲಿಸಿ, ಆ ದಿನಗಳಲ್ಲಿ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಜಾತಿಯ ಇಂಜೆಕ್ಷನ್ ಕೊಟ್ಟರು. ಕೊನೆಯ ಇಂಜೆಕ್ಷನ್ ಆಪರೇಷನ್ನಿಗೆ ಪೂರ್ತಿ ಒಂದು ದಿನ ಮುಂಚೆ. ಆ ಬೆಳಿಗ್ಗೆ ಐಎನ್‌ಆರ್ ನೋಡಿದರು, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಅನ್ನುವ ಪರೀಕ್ಷೆ, 1.3 ಇತ್ತು, ಆಮೇಲೆ ಒಳಗೆ ಕರೆದುಕೊಂಡು ಹೋದರು. ಆಪರೇಷನ್ ಆದ ರಾತ್ರಿಯಿಂದಲೇ ಅಸಿಟ್ರೋಮ್ ಶುರು. ಐಎನ್‌ಆರ್ ಸರಿಯಾಗುವವರೆಗೆ ಇಂಜೆಕ್ಷನ್ನೂ ಜೊತೆಗೆ ಇತ್ತು.

ನನ್ನ ಪರಿಚಯದ ಒಬ್ಬರಿಗೆ ಕವಾಟ ಅಲ್ಲ, ಹೃದಯ ಬಡಿತ ಏರುಪೇರು. ಅವರೂ "ನಿಮಗೆ ಕೊಟ್ಟಂತೆ ನನಗೂ ಇಂಜೆಕ್ಷನ್ ಬೇಕಲ್ವಾ" ಅಂತ ಕೇಳುತ್ತಿದ್ದಾರೆ. ಡಾಕ್ಟರ್ ಬೇಡ ಅಂದಿದ್ದಾರಂತೆ.

ಕಲಬುರಗಿ ಫಿಸಿಷಿಯನ್

ಕುಂದಾಪುರದವರಿಗೆ: ಅವರ ಡಾಕ್ಟರ್ ಹೇಳಿದ್ದು ಸರಿ. ಬಡಿತ ಏರುಪೇರು ಇದ್ದು ವಾರ್ಫರಿನ್ (ಅಸಿಟ್ರೋಮ್ ಜಾತಿಯದೇ ಮಾತ್ರೆ) ತೆಗೆದುಕೊಳ್ಳುವವರಲ್ಲಿ ಹೀಗೆ ನಡುವೆ ಇಂಜೆಕ್ಷನ್ ಕೊಟ್ಟರೆ ಲಾಭ ಇಲ್ಲ, ರಕ್ತಸ್ರಾವ ಮಾತ್ರ ಜಾಸ್ತಿ ಅಂತ 2015ರಲ್ಲಿ ಬಂದ ಬ್ರಿಡ್ಜ್ ಅಧ್ಯಯನ ತೋರಿಸಿತು. ಲೋಹದ ಕವಾಟದ ಲೆಕ್ಕ ಬೇರೆ. ನಿಲ್ಲಿಸುವ ದಿನಗಳೂ ಬೇರೆ: ವಾರ್ಫರಿನ್ ಆದರೆ 5 ದಿನ. ಅಸಿಟ್ರೋಮ್ ಮೈಯಿಂದ ಬೇಗ ಹೋಗುತ್ತದೆ, 2–3 ದಿನ ಸಾಕು. ರಕ್ತ ತೆಳು ಮಾಡುವ ಹೊಸ ಮಾತ್ರೆಗಳಾದ ಅಪಿಕ್ಸಬಾನ್, ರಿವರಾಕ್ಸಬಾನ್ ಆದರೆ ಸಣ್ಣ ಆಪರೇಷನ್‌ಗೆ ಹಿಂದಿನ 1 ದಿನ, ದೊಡ್ಡದಕ್ಕೆ 2 ದಿನ. ಡಾಬಿಗಾಟ್ರಾನ್ ತೆಗೆದುಕೊಳ್ಳುವವರ ಕಿಡ್ನಿ ಮಂದವಾಗಿದ್ದರೆ ಇನ್ನೂ ಹೆಚ್ಚು.

ಹುಬ್ಬಳ್ಳಿ ಅರಿವಳಿಕೆ

ಮಾತು ಕೊಟ್ಟಂತೆ ಬಂದೆ. ಡಾಪಾಗ್ಲಿಫ್ಲೋಜಿನ್.

ಈ ಗುಂಪಿನ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಕೂಡ ಇದೇ ಜಾತಿ. ಒಳ್ಳೆಯ ಔಷಧ, ಹೃದಯಕ್ಕೂ ಕಿಡ್ನಿಗೂ ಉಪಕಾರಿ. ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ 2020ರಲ್ಲಿ ಮುಗಿಯಿತು, 2025ರಲ್ಲಿ ಎಂಪಾಗ್ಲಿಫ್ಲೋಜಿನ್‌ದೂ ಮುಗಿಯಿತು. ಬೆಲೆ ಇಳಿಯಿತು, ಹತ್ತಾರು ಕಂಪನಿಗಳು ತಯಾರಿಸುತ್ತಿವೆ. ಒಂಟಿಯಾಗಿ, ಮೆಟ್‌ಫಾರ್ಮಿನ್ ಜೊತೆ, ಸಿಟಾಗ್ಲಿಪ್ಟಿನ್ ಜೊತೆ, ಮೂರೂ ಸೇರಿಸಿ, ಎಲ್ಲ ಥರದಲ್ಲೂ ಸಿಗುತ್ತದೆ. ಹಾಗಾಗಿ ಈಗ ಹಳ್ಳಿಯ ಅಜ್ಜಿಯ ಡಬ್ಬಿಯಲ್ಲೂ ಇದೆ. ಆದರೆ "ಶುಗರ್ ಮಾತ್ರೆ" ಅಂತಲೇ ಹೇಳುತ್ತಾರೆ, ಒಳಗೆ ಇದು ಇದೆ ಅಂತ ಅವರಿಗೂ ಗೊತ್ತಿರಲ್ಲ.

ಆಪರೇಷನ್ ಸಮಯದಲ್ಲಿ ಏನಾಗುತ್ತದೆ ಅಂದರೆ, ರೋಗಿ ಉಪವಾಸ ಇರುತ್ತಾರೆ. ದೇಹ ಒತ್ತಡದಲ್ಲಿರುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಈ ಮಾತ್ರೆ ಮಾತ್ರ ಸಕ್ಕರೆಯನ್ನು ಹೊರಗೆ ಹಾಕುತ್ತಲೇ ಇರುತ್ತದೆ. ದೇಹ ಬೇರೆ ದಾರಿ ಇಲ್ಲದೆ ಕೊಬ್ಬು ಕರಗಿಸುತ್ತದೆ, ರಕ್ತದಲ್ಲಿ ಕೀಟೋನ್ ಸೇರಿ ಆಮ್ಲ ಹೆಚ್ಚುತ್ತದೆ. ಮಾಮೂಲಿ ಡಯಾಬಿಟಿಕ್ ಕೀಟೋಅಸಿಡೋಸಿಸ್ ಆದರೆ ಶುಗರ್ 400, 500 ತೋರಿಸುತ್ತದೆ, ಎಲ್ಲರೂ ಎಚ್ಚೆತ್ತುಕೊಳ್ಳುತ್ತಾರೆ. ಇದರಲ್ಲಿ ಶುಗರ್ 170 ಇರುತ್ತದೆ! ಗ್ಲುಕೋಮೀಟರ್ ನೋಡಿ ಎಲ್ಲರೂ ಸಮಾಧಾನ ಪಡುತ್ತಾರೆ. ರೋಗಿಗೆ ವಾಕರಿಕೆ, ಹೊಟ್ಟೆನೋವು, ಜೋರು ಉಸಿರು. ಆಪರೇಷನ್ ಆದಮೇಲೆ ಇವೆಲ್ಲ ಮಾಮೂಲಿ, ಗ್ಯಾಸ್ ಇರಬೇಕು ಅಂತ ಬಿಟ್ಟುಬಿಡುವ ಅಪಾಯ ಇದೆ. ರಕ್ತದ ಕೀಟೋನ್ ಮತ್ತು ಆಮ್ಲದ ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ತೀವ್ರ ನಿಗಾ ಘಟಕಕ್ಕೆ ಹೋಗುವಷ್ಟು ಕಾಯಿಲೆ ಇದು.

ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಲೇಬಲ್ ಬದಲಾಯಿಸಿತು. ಡಾಪಾ, ಎಂಪಾ, ಕೆನಾಗ್ಲಿಫ್ಲೋಜಿನ್ ಈ ಮೂರನ್ನೂ ಮೊದಲೇ ಗೊತ್ತಾದ ಆಪರೇಷನ್‌ಗೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕು. ಇದೇ ಗುಂಪಿನ ಅರ್ಟುಗ್ಲಿಫ್ಲೋಜಿನ್ ಆದರೆ 4 ದಿನ. "ಆ ದಿನ ಬೆಳಿಗ್ಗೆ ಬೇಡ" ಅನ್ನುವುದು ನಿಮ್ಮ ಅಮ್ಮನ ಗ್ಲಿಮೆಪಿರೈಡ್‌ಗೆ ಸರಿ, ಮೆಟ್‌ಫಾರ್ಮಿನ್‌ಗೂ ಸರಿ. ಡಾಪಾಗೆ ಸಾಲದು.

ಅದು ಮೆಟ್‌ಫಾರ್ಮಿನ್ ಜೊತೆ ಸೇರಿರುವುದರಿಂದ ಆ ಮೂರು ದಿನಕ್ಕೆ ಬರೀ ಮೆಟ್‌ಫಾರ್ಮಿನ್ ಬೇರೆ ಬರೆಸಿಕೊಳ್ಳಬೇಕು. ಡಾಪಾ ನಿಂತಾಗ ಶುಗರ್ ಸ್ವಲ್ಪ ಏರುತ್ತದೆ. ಅದಕ್ಕೆ ಏನು ಮಾಡಬೇಕು ಅಂತ ನಿಮ್ಮ ಶುಗರ್ ಡಾಕ್ಟರನ್ನೇ ಕೇಳಿ.

ಶುಗರ್ ಇಲ್ಲದವರೂ ಹೃದಯ ದುರ್ಬಲವಾಗಿದೆ ಅಂತಲೋ ಕಿಡ್ನಿಗೆ ಅಂತಲೋ ಈ ಮಾತ್ರೆ ತೆಗೆದುಕೊಳ್ಳುತ್ತಾರೆ. "ನನಗೆ ಶುಗರ್ ಇಲ್ಲ" ಅಂತ ಅವರು ಹೇಳಿದಾಗ ನಾವು ಕೇಳುವುದನ್ನೇ ಬಿಟ್ಟುಬಿಡುವ ಸಾಧ್ಯತೆ ಇದೆ. ನೀವಾಗಿ ಹೇಳಿ.

ದಾವಣಗೆರೆ ಮಗಳು

ಓದಿ ಎದೆ ಝಲ್ಲೆಂದಿತು. ಶುಗರ್ ಡಾಕ್ಟರಿಗೆ ನಾಳೆಯೇ ಫೋನ್ ಮಾಡುತ್ತೇನೆ. ಸರ್, ಹಾಗಾದರೆ ಬಿಪಿ ಮಾತ್ರೆಯೂ ನಿಲ್ಲಿಸಬೇಕಾ? ಅಮ್ಮನಿಗೆ ಒಂದು ದಿನ ತಪ್ಪಿದರೂ ತಲೆನೋವು ಬರುತ್ತದೆ.

ಹುಬ್ಬಳ್ಳಿ ಅರಿವಳಿಕೆ

ಮೆಟೊಪ್ರೊಲಾಲ್ ಯಾವತ್ತೂ ತಪ್ಪಿಸಬೇಡಿ, ಆಪರೇಷನ್ ದಿನ ಬೆಳಿಗ್ಗೆಯೂ ಎರಡು ಗುಟುಕು ನೀರಲ್ಲಿ ಕೊಡಿ. ದಿನಾ ತೆಗೆದುಕೊಳ್ಳುವವರು ಥಟ್ಟನೆ ಬಿಟ್ಟರೆ ಹೃದಯ ಬಡಿತ ಏರಿ ಎದೆನೋವೂ ಬರಬಹುದು. ಆಮ್ಲೋಡಿಪಿನ್, ಥೈರಾಕ್ಸಿನ್ ಕೂಡ ಕೊಡಿ. ಟೆಲ್ಮಿಸಾರ್ಟಾನ್ ಮಾತ್ರ ನಾನು 24 ಗಂಟೆ ಮೊದಲು ನಿಲ್ಲಿಸುತ್ತೇನೆ. ಅದು ಮೈಯಲ್ಲಿದ್ದಾಗ ಅರಿವಳಿಕೆ ಕೊಟ್ಟರೆ ಬಿಪಿ ಕುಸಿಯುತ್ತದೆ, ಮೇಲಕ್ಕೆ ತರುವುದು ಕಷ್ಟ.

ಕಲಬುರಗಿ ಫಿಸಿಷಿಯನ್

ಇಲ್ಲಿ ನನಗೆ ಸ್ವಲ್ಪ ಭಿನ್ನ ಅಭಿಪ್ರಾಯ ಇದೆ, ಡಾಕ್ಟರೇ. 2024ರಲ್ಲಿ ಫ್ರಾನ್ಸ್‌ನಲ್ಲಿ ಸುಮಾರು 2,200 ರೋಗಿಗಳ ಮೇಲೆ ನಡೆದ ಅಧ್ಯಯನ ಬಂತಲ್ಲ. ಈ ಗುಂಪಿನ ಬಿಪಿ ಮಾತ್ರೆ ಎರಡು ದಿನ ಮೊದಲು ನಿಲ್ಲಿಸಿದವರು, ಆ ದಿನದವರೆಗೂ ತೆಗೆದುಕೊಂಡವರು, ಇಬ್ಬರಲ್ಲೂ ಸಾವು ಮತ್ತು ದೊಡ್ಡ ತೊಂದರೆಗಳ ಪ್ರಮಾಣ ಒಂದೇ ಆಗಿತ್ತು. ಹಾಗಾಗಿ ಅಭ್ಯಾಸ ಬಲದಿಂದ ಎಲ್ಲರಿಗೂ ನಿಲ್ಲಿಸಬೇಕಾಗಿಲ್ಲ. ಹೃದಯ ದುರ್ಬಲ ಇರುವವರಲ್ಲಂತೂ ಮುಂದುವರಿಸುವುದೇ ಒಳ್ಳೆಯದು. ನಾನು ನೋಡುವ ದೊಡ್ಡ ಸಮಸ್ಯೆ ಬೇರೆ. ಆಪರೇಷನ್‌ಗೆ ಅಂತ ನಿಲ್ಲಿಸಿದ ಬಿಪಿ ಮಾತ್ರೆ ಮತ್ತೆ ಶುರುವೇ ಆಗಿರುವುದಿಲ್ಲ. ತಿಂಗಳು ಬಿಟ್ಟು 190 ಬಿಪಿ ಇಟ್ಟುಕೊಂಡು ಬರುತ್ತಾರೆ.

ಹುಬ್ಬಳ್ಳಿ ಅರಿವಳಿಕೆ

ಒಪ್ಪುತ್ತೇನೆ, ಆ ಅಧ್ಯಯನ ನನಗೂ ಗೊತ್ತು. ಅದರಲ್ಲೇ ಮಾತ್ರೆ ಮುಂದುವರಿಸಿದವರಲ್ಲಿ ಆಪರೇಷನ್ ನಡುವೆ ಬಿಪಿ ಕುಸಿದದ್ದು ಜಾಸ್ತಿ ಇತ್ತು. ಟೇಬಲ್ ಪಕ್ಕದಲ್ಲಿ ನಿಂತವನಿಗೆ ಅದು ಸಣ್ಣ ವಿಷಯ ಅಲ್ಲ. 67 ವರ್ಷ, ಸ್ಟೆಂಟ್, ಬೆನ್ನಿನ ಅರಿವಳಿಕೆ ಸೇರಿದಾಗ ನಾನು ನಿಲ್ಲಿಸುವ ಕಡೆಗೇ ವಾಲುತ್ತೇನೆ. ಮತ್ತೆ ಶುರು ಮಾಡುವ ವಿಷಯದಲ್ಲಿ ನೂರಕ್ಕೆ ನೂರು ನಿಮ್ಮ ಜೊತೆ. ಬಿಪಿ ಒಂದು ಹದಕ್ಕೆ ಬಂದ ಮೇಲೆ ಎರಡು ದಿನದೊಳಗೆ ಮತ್ತೆ ಕೊಡಬೇಕು.

ಎಲ್ಲರೂ ಗಮನಿಸಿ: ಹಳೆಯ ಮೆಟೊಪ್ರೊಲಾಲ್ ಮುಂದುವರಿಸುವುದು ಬೇರೆ, ಆಪರೇಷನ್ ದಿನ ಹೊಸದಾಗಿ ಶುರು ಮಾಡುವುದು ಬೇರೆ. 2008ರ ಪಾಯ್ಸ್ ಅಧ್ಯಯನದಲ್ಲಿ ಹಾಗೆ ಅದೇ ದಿನ ಶುರು ಮಾಡಿದಾಗ ಹಾರ್ಟ್ ಅಟ್ಯಾಕ್ ಕಮ್ಮಿಯಾಯಿತು, ಆದರೆ ಪಾರ್ಶ್ವವಾಯು ಮತ್ತು ಸಾವು ಹೆಚ್ಚಾದವು.

ಲೀಡ್ಸ್ ನರ್ಸಮ್ಮ

ಊರು ಹಾಸನ, ಕೆಲಸ ಇಂಗ್ಲೆಂಡಿನಲ್ಲಿ. ಆಪರೇಷನ್ ಪೂರ್ವ ತಪಾಸಣೆಯ ಕ್ಲಿನಿಕ್‌ನಲ್ಲೇ ನರ್ಸ್ ಆಗಿದ್ದೇನೆ. ಇಲ್ಲಿ ಈ ಕೆಲಸ ವಾರಗಳ ಮೊದಲೇ ನಡೆಯುತ್ತದೆ. ಮಾತ್ರೆ ಪಟ್ಟಿ ನೋಡಿ, ಯಾವ ದಿನ ಯಾವುದು ಅಂತ ಕಾಗದದಲ್ಲಿ ಬರೆದು ರೋಗಿಯ ಕೈಗೆ ಕೊಡುತ್ತೇವೆ. ಅರ್ಥ ಆಯಿತಾ ಅಂತ ಅವರಿಂದಲೇ ಮತ್ತೆ ಹೇಳಿಸುತ್ತೇವೆ. ನಮ್ಮ ಊರಲ್ಲಿ ತುಂಬಾ ಕಡೆ ಅರಿವಳಿಕೆ ವೈದ್ಯರು ರೋಗಿಯನ್ನು ಮೊದಲು ನೋಡುವುದೇ ಹಿಂದಿನ ಸಂಜೆ, ಅಡ್ಮಿಟ್ ಆದಮೇಲೆ. ಅಷ್ಟು ಹೊತ್ತಿಗೆ ಕ್ಲೋಪಿಡೋಗ್ರೆಲ್‌ನ ಐದು ದಿನ, ಡಾಪಾದ ಮೂರು ದಿನ ಎಲ್ಲಿಂದ ತರುವುದು? ಡೇಟ್ ಕೊಟ್ಟ ದಿನವೇ "ಅರಿವಳಿಕೆ ಡಾಕ್ಟರನ್ನು ಈಗಲೇ ನೋಡಬಹುದಾ" ಅಂತ ಕೇಳಿ. ಕೇಳಿದರೆ ಯಾರೂ ಬೇಡ ಅನ್ನಲ್ಲ.

ಎಚ್‌ಬಿಎ1ಸಿ 9.1 ಅಂತ ಬರೆದಿದ್ದೀರಿ. ಇಲ್ಲಿ 8.5ರ ಮೇಲಿದ್ದರೆ, ತುರ್ತಿಲ್ಲದ ಆಪರೇಷನ್‌ಗೆ ಮೊದಲು ಶುಗರ್ ಸರಿಮಾಡಿಕೊಂಡು ಬನ್ನಿ ಅಂತ ವಾಪಸ್ ಕಳಿಸುವುದು ರೂಢಿ. ಅಮೆರಿಕದ ಡಯಾಬಿಟಿಸ್ ಸಂಘ ಸಾಧ್ಯವಾದರೆ 8ರೊಳಗೆ ಇರಲಿ ಅನ್ನುತ್ತದೆ. ಮಂಡಿ ಬದಲಿಯಲ್ಲಿ ಇದು ಇನ್ನೂ ಮುಖ್ಯ. ಒಳಗೆ ಲೋಹ ಇಡುತ್ತಾರೆ, ಅಲ್ಲಿ ಸೋಂಕು ತಗುಲಿದರೆ ಮತ್ತೆ ತೆಗೆಯಬೇಕಾಗುತ್ತದೆ. ಬಿಪಿಗೆ ಅಷ್ಟು ಬಿಗಿ ಇಲ್ಲ. ಆಸ್ಪತ್ರೆಯಲ್ಲಿ ಗಾಬರಿಗೆ ಏರಿದ್ದು 180/110ರ ಕೆಳಗಿದ್ದರೆ ಆ ಕಾರಣಕ್ಕೇ ಮುಂದಕ್ಕೆ ಹಾಕುವುದಿಲ್ಲ.

ವೈಟ್‌ಫೀಲ್ಡ್ ಹುಡುಗ

ಮಧ್ಯೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನನಗೆ ಪಿತ್ತಕೋಶದ ಕಲ್ಲು, ಕೀಹೋಲ್ ಆಪರೇಷನ್ ಹೇಳಿದ್ದಾರೆ. ತೂಕ ಇಳಿಸಲು ವಾರಕ್ಕೊಂದು ಮೌಂಜಾರೊ ಇಂಜೆಕ್ಷನ್ ತಗೊಳ್ತಿದ್ದೇನೆ. ಶುಗರ್ ಇಲ್ಲ. ಇದನ್ನು ಹೇಳಬೇಕಾ?

ಹುಬ್ಬಳ್ಳಿ ಅರಿವಳಿಕೆ

ಖಂಡಿತ ಹೇಳಬೇಕು. ಈ ಇಂಜೆಕ್ಷನ್‌ಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ರಾತ್ರಿಯಿಂದ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಅನ್ನ ಉಳಿದಿರಬಹುದು. ಪೂರ್ತಿ ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. 2023ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರ ಸಂಘ ವಾರದ ಇಂಜೆಕ್ಷನ್ ಒಂದು ವಾರ ಮೊದಲೇ ನಿಲ್ಲಿಸಿ ಅಂದಿತ್ತು. 2024ರಲ್ಲಿ ಹಲವು ಸಂಘಗಳು ಸೇರಿ ಅದನ್ನು ಸಡಿಲಿಸಿದವು. ಎಷ್ಟೋ ಜನ ಮುಂದುವರಿಸಬಹುದು, ಆದರೆ ಹಿಂದಿನ 24 ಗಂಟೆ ಬರೀ ದ್ರವ ಆಹಾರ ಬೇಕಾಗಬಹುದು. ಡೋಸ್ ಏರಿಸುತ್ತಿರುವವರು, ವಾಕರಿಕೆ, ಹೊಟ್ಟೆ ಉಬ್ಬರ ಇರುವವರಿಗೆ ಅಪಾಯ ಜಾಸ್ತಿ. ಅನುಮಾನ ಬಂದರೆ ಆ ಬೆಳಿಗ್ಗೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿ ನೋಡುತ್ತೇವೆ.

ಮಂಡ್ಯದ ಮೇಷ್ಟ್ರು

ನಮ್ಮ ತಂದೆಗೆ ಕಣ್ಣಿನ ಪೊರೆ ಆಪರೇಷನ್. ಪ್ರಾಸ್ಟೇಟ್‌ಗೆ ಯೂರಿಮ್ಯಾಕ್ಸ್ ತಗೊಳ್ತಾರೆ. ಅದಕ್ಕೂ ಕಣ್ಣಿಗೂ ಏನು ಸಂಬಂಧ? ಕಣ್ಣಿನ ಡಾಕ್ಟರ್ ಅದನ್ನೇ ಎರಡು ಸಲ ಕೇಳಿದರು.

ಹುಬ್ಬಳ್ಳಿ ಅರಿವಳಿಕೆ

ಒಳ್ಳೆಯ ಡಾಕ್ಟರ್ ಸಿಕ್ಕಿದ್ದಾರೆ. ಅದರಲ್ಲಿರುವುದು ಟ್ಯಾಮ್ಸುಲೋಸಿನ್. ಪ್ರಾಸ್ಟೇಟಿನ ಸ್ನಾಯು ಸಡಿಲಿಸುವಂತೆ ಕಣ್ಣಿನ ಪಾಪೆಯ ಸ್ನಾಯುವನ್ನೂ ಸಡಿಲಿಸುತ್ತದೆ. ಆಪರೇಷನ್ ಮಾಡುವಾಗ ಪಾಪೆ ಜೋಲಾಡುತ್ತದೆ, ಕಿರಿದಾಗುತ್ತದೆ. 2005ರಲ್ಲಿ ಇದನ್ನು ಮೊದಲು ಗುರುತಿಸಿದರು. ಬಿಟ್ಟು ತಿಂಗಳಾದರೂ ಪರಿಣಾಮ ಉಳಿಯಬಹುದು, ಅದಕ್ಕೇ ನಿಲ್ಲಿಸಿ ಪ್ರಯೋಜನ ಕಮ್ಮಿ. ಆದರೆ ಮೊದಲೇ ಗೊತ್ತಿದ್ದರೆ ಡಾಕ್ಟರ್ ತಯಾರಾಗಿ ಬರುತ್ತಾರೆ. ಪೊರೆ ಆಪರೇಷನ್‌ಗೆ ಆಸ್ಪಿರಿನ್ ಸಾಮಾನ್ಯವಾಗಿ ನಿಲ್ಲಿಸುವುದೂ ಇಲ್ಲ.

ಶಿರಸಿಯಿಂದ

ಇಂಗ್ಲಿಷ್ ಮಾತ್ರೆಗಳ ಬಗ್ಗೆ ಇಷ್ಟೆಲ್ಲ ಸರಿ. ಗುಗ್ಗುಳು, ಅಶ್ವಗಂಧ, ಕಷಾಯ ಇವೆಲ್ಲ ಸಹಜ ಪದಾರ್ಥ ಅಲ್ವಾ? ಇವನ್ನೂ ನಿಲ್ಲಿಸಿ ಅನ್ನುವುದು ಯಾಕೋ ನನಗೆ ಒಪ್ಪಿಗೆಯಾಗಲ್ಲ.

ಆಯುರ್ವೇದ ವೈದ್ಯೆ, ಉಡುಪಿ

ನಮ್ಮ ಔಷಧಕ್ಕೆ ಶಕ್ತಿ ಇದೆ ಅಂತ ನಂಬುವವಳು ನಾನು. ಶಕ್ತಿ ಇರುವುದರಿಂದಲೇ ಆಪರೇಷನ್‌ಗೆ ಮೊದಲು ಹೇಳಬೇಕು. ಜ್ಯೇಷ್ಠಮಧು ದಿನಾ ಜಾಸ್ತಿ ತಿಂದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಗುಗ್ಗುಳು, ಬೆಳ್ಳುಳ್ಳಿ ಕ್ಯಾಪ್ಸೂಲ್ ರಕ್ತ ಹೆಪ್ಪುಗಟ್ಟುವುದನ್ನು ತಡ ಮಾಡಬಹುದು. ಅಶ್ವಗಂಧ ಮಂಪರು ತರಿಸಬಹುದು. ನಾನು ನನ್ನ ರೋಗಿಗಳಿಗೆ ಎರಡು ವಾರ ಮೊದಲೇ ನಿಲ್ಲಿಸಿ ಅಂತ ಹೇಳುತ್ತೇನೆ. ಸಾರಿಗೆ ಹಾಕುವ ಬೆಳ್ಳುಳ್ಳಿಗೆ ಏನೂ ತೊಂದರೆ ಇಲ್ಲ.

ಹೆಸರಿಲ್ಲದ ಪೊಟ್ಟಣದ ಪುಡಿಗಳ ಬಗ್ಗೆ ಮಾತ್ರ ತುಂಬಾ ಹುಷಾರಾಗಿರಿ. ಕೀಲುನೋವು, ಉಬ್ಬಸಕ್ಕೆ ಕೊಡುವ ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಅದು ಆಯುರ್ವೇದವೇ ಅಲ್ಲ.

ಕಲಬುರಗಿ ಫಿಸಿಷಿಯನ್

ವೈದ್ಯೆಯವರು ಹೇಳಿದ ಆ ಕೊನೆಯ ಮಾತು ಬಹಳ ಮುಖ್ಯ. ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ಮಾತ್ರೆ ದಿನಾ 5 ಮಿಲಿಗ್ರಾಂ ಅಥವಾ ಹೆಚ್ಚು ಮೂರು ನಾಲ್ಕು ವಾರ ತೆಗೆದುಕೊಂಡರೆ ದೇಹ ತನ್ನದೇ ಸ್ಟೆರಾಯ್ಡ್ ಮಾಡುವುದನ್ನು ಕಮ್ಮಿ ಮಾಡುತ್ತದೆ. ಆಪರೇಷನ್ ಒತ್ತಡದಲ್ಲಿ ಅದು ಬೇಕೇ ಬೇಕು. ಇಂಥವರು ಮಾತ್ರೆ ಬಿಡಬಾರದು, ಮೇಲಿಂದ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೂಡ ಬೇಕಾಗುತ್ತದೆ. ಪುಡಿಯ ವಿಷಯ ಮುಚ್ಚಿಟ್ಟರೆ ಬಿಪಿ ಯಾಕೆ ಕುಸಿಯುತ್ತಿದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಫಿಟ್ಸ್ ಮಾತ್ರೆ, ಪಾರ್ಕಿನ್ಸನ್ ಮಾತ್ರೆ, ಉಬ್ಬಸದ ಇನ್ಹೇಲರ್ ಇವನ್ನೂ ಆ ಬೆಳಿಗ್ಗೆ ತಪ್ಪಿಸಬಾರದು. ಇನ್ಹೇಲರ್ ಜೊತೆಗೇ ತನ್ನಿ. ಟೈಪ್ 1 ಡಯಾಬಿಟಿಸ್ ಮಕ್ಕಳಿಗೆ ಉಪವಾಸ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೀರ್ಘಕಾಲದ ಇನ್ಸುಲಿನ್ ಸಾಮಾನ್ಯವಾಗಿ ಐದನೇ ಒಂದು ಭಾಗ ಕಮ್ಮಿ ಮಾಡುತ್ತೇವೆ, ಸೊನ್ನೆ ಮಾಡುವುದಿಲ್ಲ.

ತಾಲ್ಲೂಕು ಸ್ಟಾಫ್ ನರ್ಸ್

ನಮ್ಮಲ್ಲಿ ಗರ್ಭಕೋಶದ ಆಪರೇಷನ್‌ಗೆ ಬರುವ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 7, 8 ಇರುವುದು ಮಾಮೂಲಿ ಅನ್ನುವಷ್ಟಾಗಿದೆ. ತಿಂಗಳುಗಟ್ಟಲೆ ರಕ್ತ ಹೋಗಿರುತ್ತದೆ. ಕೊನೇ ಗಳಿಗೆಯಲ್ಲಿ ರಕ್ತ ಹುಡುಕಿಕೊಂಡು ಜಿಲ್ಲಾ ಆಸ್ಪತ್ರೆಗೆ ಓಡುತ್ತಾರೆ. ಡೇಟ್ ಕೊಟ್ಟಾಗಲೇ ನೋಡಿದ್ದರೆ ಕಬ್ಬಿಣಾಂಶದ ಮಾತ್ರೆಯಲ್ಲೋ, ರಕ್ತನಾಳಕ್ಕೆ ಕೊಡುವ ಕಬ್ಬಿಣಾಂಶದ ಡ್ರಿಪ್‌ನಲ್ಲೋ ಕೆಲವು ವಾರದಲ್ಲಿ ಏರಿಸಬಹುದಿತ್ತು. ಮಾತ್ರೆ ಪಟ್ಟಿ ಜೊತೆ ಹಿಮೋಗ್ಲೋಬಿನ್ ಕೂಡ ಕೇಳಿ, ಅಕ್ಕ.

ಮತ್ತೆ ನೀರು. "ರಾತ್ರಿ ಹತ್ತರಿಂದ ಒಂದು ಹನಿಯೂ ಬೇಡ" ಅಂತ ಈಗಲೂ ಹೇಳುವವರಿದ್ದಾರೆ. ಪಾಪ, ಮಧ್ಯಾಹ್ನದ ಕೇಸ್ ಆದರೆ ವಯಸ್ಸಾದವರು ಬಾಯಿ ಒಣಗಿ ಕೂತಿರುತ್ತಾರೆ.

ಹುಬ್ಬಳ್ಳಿ ಅರಿವಳಿಕೆ

ಸಿಸ್ಟರ್ ಹೇಳಿದ್ದು ಪೂರ್ತಿ ನಿಜ. ಇಡ್ಲಿ, ಬ್ರೆಡ್‌ನಂಥ ಹಗುರ ಊಟಕ್ಕೆ 6 ಗಂಟೆ, ಎಣ್ಣೆ ತಿಂಡಿ, ಮಾಂಸಕ್ಕೆ 8 ಗಂಟೆ, ಬರೀ ನೀರಿಗೆ 2 ಗಂಟೆ. ಹಾಲು ಹಾಕಿದ ಕಾಫಿ, ಟೀ ನೀರಿನ ಲೆಕ್ಕಕ್ಕೆ ಬರಲ್ಲ, ಅದಕ್ಕೆ 6 ಗಂಟೆ. "ಅರ್ಧ ಲೋಟ ಕಾಫಿ ಅಷ್ಟೇ ಕುಡಿದಿದ್ದು" ಅಂತ ಹೇಳಿದಾಗ ನಾವು ಆಪರೇಷನ್ ತಡ ಮಾಡಬೇಕಾಗುತ್ತದೆ.

ದಾವಣಗೆರೆ ಮಗಳು

ಎಲ್ಲರಿಗೂ ಸುದ್ದಿ ಹೇಳೋಣ ಅಂತ ಬಂದೆ. ಪಟ್ಟಿ ಹಿಡಿದುಕೊಂಡು ಆಸ್ಪತ್ರೆಯ ಅರಿವಳಿಕೆ ಡಾಕ್ಟರನ್ನು ಮೊದಲೇ ನೋಡಿದೆವು. ಅವರು ಅಲ್ಲಿಂದಲೇ ಹಾರ್ಟ್ ಡಾಕ್ಟರಿಗೆ, ಶುಗರ್ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದರು. ಎಚ್‌ಬಿಎ1ಸಿ ನೋಡಿ ಡೇಟ್ ಎರಡು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಅಮ್ಮನಿಗೆ ಬೇಜಾರಾಯಿತು, ಆದರೆ ಸೋಂಕಿನ ವಿಷಯ ಹೇಳಿದ ಮೇಲೆ ಒಪ್ಪಿದರು. ಅಲ್ಲಿಯವರೆಗೆ ರಾತ್ರಿ ಸ್ವಲ್ಪ ಇನ್ಸುಲಿನ್ ಶುರು ಮಾಡಿದ್ದಾರೆ.

ಒಂದು ಹಾಳೆಯಲ್ಲಿ ದಿನದ ಪ್ರಕಾರ ಬರೆದುಕೊಟ್ಟಿದ್ದಾರೆ. ಎರಡು ವಾರ ಮೊದಲು ಗುಗ್ಗುಳು ಬಂದ್. ಏಳು ದಿನ ಮೊದಲು ಗೋಲ್ಡ್ ಬದಲು ಆಸ್ಪಿರಿನ್ ಒಂದು, ಅಟೋರ್ವಾ ಒಂದು. ಡೈಕ್ಲೋಫೆನಾಕ್ ಮೂರು ದಿನ ಮೊದಲು ಬಂದ್, ನೋವಿಗೆ ಪ್ಯಾರಾಸಿಟಮಾಲ್. ಡಾಪಾ ಮೂರು ದಿನ ಮೊದಲು ಬಂದ್, ಬರೀ ಮೆಟ್‌ಫಾರ್ಮಿನ್. ಹಿಂದಿನ ದಿನ ಟೆಲ್ಮಿಸಾರ್ಟಾನ್ ಇಲ್ಲ, ಬರೀ ಆಮ್ಲೋಡಿಪಿನ್. ಹಿಂದಿನ ರಾತ್ರಿ ಇನ್ಸುಲಿನ್ ಸ್ವಲ್ಪ ಕಮ್ಮಿ. ಆ ಬೆಳಿಗ್ಗೆ ಥೈರಾಕ್ಸಿನ್, ಮೆಟೊಪ್ರೊಲಾಲ್, ಆಮ್ಲೋಡಿಪಿನ್, ಆಸ್ಪಿರಿನ್ ಮಾತ್ರ. ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇವೆ. ಅಮ್ಮನಿಗೆ ಕನ್ನಡ ಓದಲು ಬರುತ್ತದೆ, ಹಾಗಾಗಿ ನಾನು ಔಷಧದ ಹೆಸರುಗಳನ್ನು ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಮಾತ್ರೆಯ ಬಣ್ಣವನ್ನೂ ಬರೆದೆ.

ಒಂದು ಮಾತ್ರ ಅದರಲ್ಲಿ ಇಲ್ಲ. ಗೋಲ್ಡ್, ಡಾಪಾ, ಟೆಲ್ಮಿಸಾರ್ಟಾನ್ ಮತ್ತೆ ಶುರು ಮಾಡುವುದು ಯಾವಾಗ?

ಹುಬ್ಬಳ್ಳಿ ಅರಿವಳಿಕೆ

ತುಂಬಾ ಸಂತೋಷ ಆಯಿತು ಓದಿ. ಟೆಲ್ಮಿಸಾರ್ಟಾನ್: ಬಿಪಿ ಚೆನ್ನಾಗಿದ್ದು, ಮೂತ್ರ ಸರಿಯಾಗಿ ಹೋಗುತ್ತಿದ್ದು, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಏರಿಲ್ಲ ಅಂದರೆ ಮಾರನೇ ದಿನವೋ ಅದರ ಮಾರನೇ ದಿನವೋ. ಡಾಪಾ: ಅಮ್ಮ ಮೊದಲಿನಂತೆ ಊಟ ಮಾಡಿ, ನೀರು ಕುಡಿಯುವವರೆಗೆ ಬೇಡವೇ ಬೇಡ. ಕ್ಲೋಪಿಡೋಗ್ರೆಲ್‌ನ ವಿಷಯ ನಾಜೂಕು. ಮಂಡಿ ಬದಲಿ ಆದಮೇಲೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ಬೇರೆ ಔಷಧವನ್ನೂ ಕೊಡುತ್ತಾರೆ, ಮಾತ್ರೆಯೋ ಇಂಜೆಕ್ಷನ್ನೋ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಈ ಔಷಧ ಮೂರೂ ಒಟ್ಟಿಗೆ ಸೇರಿದರೆ ಮಂಡಿಯೊಳಗೆ ರಕ್ತ ತುಂಬಿಕೊಳ್ಳಬಹುದು. ನೋವಿಗೆ ಬೆನ್ನಲ್ಲಿ ಸಣ್ಣ ನಳಿಕೆ ಬಿಟ್ಟಿದ್ದರೆ ಅದನ್ನು ತೆಗೆದ ಮೇಲಷ್ಟೇ ಕ್ಲೋಪಿಡೋಗ್ರೆಲ್. ಗಾಯ ಒಣಗುತ್ತಿರುವುದನ್ನು ನೋಡಿ ಮೂಳೆ ಡಾಕ್ಟರ್, ಹಾರ್ಟ್ ಡಾಕ್ಟರ್ ಸೇರಿ ದಿನ ಗೊತ್ತುಮಾಡಲಿ. ಹಾರ್ಟ್ ಡಾಕ್ಟರ್ ಇನ್ನು ಒಂದೇ ಸಾಕು ಅಂದರೆ ಗೋಲ್ಡ್ ವಾಪಸ್ ಬರುವುದೂ ಇಲ್ಲ. ಡಿಸ್ಚಾರ್ಜ್ ಆಗುವ ದಿನ ಈ ಮೂರರ ಮುಂದೆಯೂ ತಾರೀಕು ಬರೆಸಿಕೊಂಡೇ ಹೊರಡಿ.

ದಾವಣಗೆರೆ ಮಗಳು

ಆಯ್ತು ಸರ್. ಹಾಳೆಯ ಕೆಳಗೆ ಮೂರು ಸಾಲು ಖಾಲಿ ಬಿಟ್ಟಿದ್ದೇನೆ, ತಾರೀಕು ಬರೆಸಿಕೊಳ್ಳೋಕೆ.